ಕಲ್ಪನಾ ಸಿನಿಮಾ ಐದು ಹೇಳಿ ಅಂದ್ರೆ...

ಕಲ್ಪನಾ ಅವರ ಒಳ್ಳೆಯ ಸಿನಿಮಾ ಐದು ಹೇಳಿ ಅಂತ ಯಾರನ್ನಾದ್ರೂ ಕೇಳಿ ನೋಡಿ. ಉತ್ತರ ರೆಡಿ ಇರುತ್ತೆ. ಶರಪಂಜರ, ಗೆಜ್ಜೆಪೂಜೆ, ಬೆಳ್ಳಿಮೋಡ. ಈ ಮೂರು ಹೆಸರು ಒಂದೇ ಉಸಿರಲ್ಲಿ ಬರುತ್ತವೆ. ಆಮೇಲೆ ಸ್ವಲ್ಪ ತಲೆ ಕೆರೆದುಕೊಂಡು ಎರಡು ಕನಸು, ಬಯಲುದಾರಿ ಅಂತಾರೆ. ಸಿನಿಮಾ ಹುಚ್ಚು ಜಾಸ್ತಿ ಇದ್ದವರು ಹಣ್ಣೆಲೆ ಚಿಗುರಿದಾಗ, ಉಯ್ಯಾಲೆ ಅಂತ ಸೇರಿಸ್ತಾರೆ. ಕೊನೆಗೆ ಒಂದು ನಿಟ್ಟುಸಿರು. "ಪಾಪ, ಎಂಥಾ ನಟಿ..." ಅಲ್ಲಿಗೆ ಮಿನುಗುತಾರೆಯ ಲೆಕ್ಕ ಚುಕ್ತಾ.

ಪಟ್ಟಿ ಬಗ್ಗೆ ನನ್ನದೇನೂ ದೊಡ್ಡ ತಕರಾರಿಲ್ಲ. ಎಲ್ಲವೂ ಒಳ್ಳೆ ಸಿನಿಮಾಗಳೇ. ನನಗೆ ಕಿರಿಕಿರಿಯಾಗೋದು ಆ ಪಟ್ಟಿಗೆ ನಾವು ಕೊಡೋ ಕಾರಣಗಳನ್ನು ಕೇಳಿದಾಗ. ಸಾಮಾನ್ಯವಾಗಿ ಎರಡು ಕಾರಣ ಇರುತ್ತವೆ. ಒಂದು, "ಅದೆಲ್ಲಾ ಪುಟ್ಟಣ್ಣ ಆಕೆಯಿಂದ ತೆಗೆಸಿದ್ದು". ಇನ್ನೊಂದು, "ಆಕೆ ಬದುಕೇ ಹಾಗಿತ್ತು, ಅದಕ್ಕೇ ಪಾತ್ರಾನೂ ಹಾಗೆ ಬಂತು". ಎರಡೂ ಮಾತಲ್ಲಿ ಕಲ್ಪನಾ ಏನು ಮಾಡಿದರು ಅನ್ನೋದೇ ಇಲ್ಲ, ಗಮನಿಸಿದ್ರಾ? ಒಂದರಲ್ಲಿ ಕೆಲಸ ಮಾಡಿದ್ದು ನಿರ್ದೇಶಕ, ಇನ್ನೊಂದರಲ್ಲಿ ಹಣೆಬರಹ.

ಮೊದಲು ಪುಟ್ಟಣ್ಣನ ವಿಷಯ. ಪುಟ್ಟಣ್ಣ ಕಣಗಾಲ್ ದೊಡ್ಡ ನಿರ್ದೇಶಕರು, ಅದರಲ್ಲಿ ಎರಡು ಮಾತಿಲ್ಲ. ಗೆಜ್ಜೆಪೂಜೆಯ ಚಿತ್ರಕಥೆಗೆ ಅವರಿಗೆ ರಾಷ್ಟ್ರಪ್ರಶಸ್ತಿಯೇ ಬಂತು. ಆದ್ರೆ ಲೆಕ್ಕ ನೋಡಿ. ಕಲ್ಪನಾ ತೆರೆಗೆ ಬಂದಿದ್ದು 1963ರಲ್ಲಿ, ಬಿ.ಆರ್. ಪಂತುಲು ಅವರ ಸಾಕು ಮಗಳು ಚಿತ್ರದಲ್ಲಿ. ಮರುವರ್ಷವೇ ಎನ್. ಲಕ್ಷ್ಮೀನಾರಾಯಣ್ ಅವರ ನಾಂದಿ ಬಂತು. ಬೆಳ್ಳಿಮೋಡ ಬಂದದ್ದು 1967ರಲ್ಲಿ. ಶರಪಂಜರ 1971ರಲ್ಲಿ, ಅದಾದ ಮೇಲೆ ಇಬ್ಬರೂ ಜತೆಯಾಗಿ ಸಿನಿಮಾ ಮಾಡಲಿಲ್ಲ. ಹದಿನಾರು ವರ್ಷದ ಬಣ್ಣದ ಬದುಕಿನಲ್ಲಿ ಪುಟ್ಟಣ್ಣನ ಪಾಲು ನಡುವಿನ ನಾಲ್ಕೈದು ವರ್ಷ. ಹಣ್ಣೆಲೆ ಚಿಗುರಿದಾಗ ಎಂ.ಆರ್. ವಿಠ್ಠಲ್ ಅವರದು. ಉಯ್ಯಾಲೆ ಲಕ್ಷ್ಮೀನಾರಾಯಣ್ ಅವರದು. ಎರಡು ಕನಸು, ಬಯಲುದಾರಿ ದೊರೈ-ಭಗವಾನ್ ಜೋಡಿಯವು. ನಿರ್ದೇಶಕರು ಬದಲಾದರೂ ಆಕೆ ಮಾತ್ರ ಹಾಗೇ ಗಟ್ಟಿಯಾಗಿ ನಿಂತಿದ್ದಾರೆ.

ಈ ಪಟ್ಟಿಯನ್ನ ಇನ್ನೊಂದು ರೀತಿಯಲ್ಲಿ ಜೋಡಿಸಿ ನೋಡೋಣ. ಪ್ರೋಗ್ರಾಮ್ ಬರೆದು ಹೊಟ್ಟೆ ಹೊರೆಯೋನು ನಾನು, ಒಂದೇ ಡೇಟಾನ ಬೇರೆ ಬೇರೆ ಕಾಲಂ ಮೇಲೆ ಸಾರ್ಟ್ ಮಾಡೋ ಚಟ :-) ನಿರ್ದೇಶಕರ ಹೆಸರು ತೆಗೆದು, ಕತೆ ಯಾರದು ಅನ್ನೋ ಕಾಲಂ ಹಾಕಿ. ಬೆಳ್ಳಿಮೋಡ - ತ್ರಿವೇಣಿ. ಹಣ್ಣೆಲೆ ಚಿಗುರಿದಾಗ - ತ್ರಿವೇಣಿ. ಶರಪಂಜರ - ತ್ರಿವೇಣಿ. ಗೆಜ್ಜೆಪೂಜೆ - ಎಂ.ಕೆ. ಇಂದಿರಾ. ಎರಡು ಕನಸು - ವಾಣಿ. ಉಯ್ಯಾಲೆ ಚದುರಂಗರದು, ಬಯಲುದಾರಿ ಭಾರತೀಸುತರದು. ಏಳರಲ್ಲಿ ಐದು ಹೆಂಗಸರು ಬರೆದ ಕಾದಂಬರಿಗಳು. ಕಲ್ಪನಾಗೆ ರಾಜ್ಯಪ್ರಶಸ್ತಿ ತಂದುಕೊಟ್ಟ ಮೂರು ಸಿನಿಮಾಗಳೂ, ಅಂದ್ರೆ ಬೆಳ್ಳಿಮೋಡ, ಹಣ್ಣೆಲೆ ಚಿಗುರಿದಾಗ, ಶರಪಂಜರ, ಮೂರಕ್ಕೆ ಮೂರೂ ತ್ರಿವೇಣಿಯವರವು!

ಇದು ಹೊಳೆದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ತ್ರಿವೇಣಿ ತೀರಿಕೊಂಡದ್ದು 1963ರ ಜುಲೈನಲ್ಲಿ, ಹೆರಿಗೆಯಾಗಿ ಕೆಲವೇ ದಿನಕ್ಕೆ. ಆಗ ಅವರಿಗೆ 34. ಕಲ್ಪನಾ ಚಿತ್ರರಂಗಕ್ಕೆ ಕಾಲಿಟ್ಟ ವರ್ಷವೇ ಅದು. ತನ್ನ ಇಂದಿರಾ, ತನ್ನ ಕಾವೇರಿ ತೆರೆಯ ಮೇಲೆ ಹೇಗೆ ಕಾಣ್ತಾರೆ ಅಂತ ಬರೆದಾಕೆ ನೋಡಲೇ ಇಲ್ಲ. ನಾವು ಪಟ್ಟಿ ಮಾಡುವಾಗ ಆ ಹೆಸರು ಹೇಳೋದೂ ಇಲ್ಲ. "ಪುಟ್ಟಣ್ಣನ ಕಲ್ಪನಾ" ಅಂತೀವಿ. "ತ್ರಿವೇಣಿಯ ಕಲ್ಪನಾ" ಅಂತ ಯಾರಾದ್ರೂ ಅಂದಿದ್ದು ನಾನಂತೂ ಕೇಳಿಲ್ಲ.

ಇನ್ನು ಎರಡನೇ ಕಾರಣ, "ಆಕೆ ಬದುಕೇ ಹಾಗಿತ್ತು" ಅನ್ನೋದು. ಕಲ್ಪನಾ 1979ರ ಮೇ 12ರಂದು ನಮ್ಮ ಉತ್ತರ ಕರ್ನಾಟಕದಲ್ಲೇ, ಸಂಕೇಶ್ವರದ ಹತ್ತಿರದ ಗೋಟೂರಿನ ಬಂಗಲೆಯೊಂದರಲ್ಲಿ ತೀರಿಕೊಂಡರು. ವಯಸ್ಸು 35. ಆ ದಿನಗಳಲ್ಲಿ ಗುಡಗೇರಿ ಬಸವರಾಜ್ ಅವರ ಕಂಪನಿ ನಾಟಕಗಳಲ್ಲಿ ಪಾರ್ಟು ಮಾಡ್ತಿದ್ದರು. ಆ ಸಾವಿನ ಬಗ್ಗೆ ಇಲ್ಲಿವರೆಗೂ ಕತೆ ಕಟ್ಟುತ್ತಲೇ ಇದ್ದಾರೆ. ನಾನು ಅದಕ್ಕೆ ಒಂದು ಸಾಲೂ ಸೇರಿಸಲ್ಲ. ನನ್ನ ಮಾತು ಇಷ್ಟೇ: 1979ರಲ್ಲಿ ಆದದ್ದನ್ನ 1967ರ ಸಿನಿಮಾದಲ್ಲಿ ಹುಡುಕೋದು ಯಾವ ನ್ಯಾಯ? ಬೆಳ್ಳಿಮೋಡ ಮಾಡಿದಾಗ ಆಕೆಗೆ ಇನ್ನೂ 24ರ ಆಸುಪಾಸು. ಕಣ್ಣಲ್ಲಿದ್ದದ್ದು ಮುಂದಾಗೋ ದುರಂತದ ನೆರಳಲ್ಲ, ಸೆಟ್ಟಿನ ಮೇಲೆ ನಿಂತು ಕಲಿತ ಕಸುಬು. ತ್ರಿವೇಣಿಯವರ ಸಾವನ್ನು ಶರಪಂಜರದ ಬಾಣಂತಿಯ ಕತೆ ಜತೆ ಗಂಟು ಹಾಕೋದೂ ಇಂಥದ್ದೇ ತಪ್ಪು. ಆ ಕಾದಂಬರಿಯ ಹಿಂದಿದ್ದದ್ದು ಮನಃಶಾಸ್ತ್ರ ಓದಿದ ತಲೆ, ಜಾತಕ ಅಲ್ಲ.

ಇದು ನಮ್ಮಲ್ಲಷ್ಟೇ ಅಲ್ಲ ಬಿಡಿ. ಮೀನಾಕುಮಾರಿ 1972ರಲ್ಲಿ, ಪಾಕೀಜಾ ತೆರೆಕಂಡು ಎರಡು ತಿಂಗಳಾಗುವ ಮೊದಲೇ ತೀರಿಕೊಂಡ ಮೇಲೆ ಆಕೆಯ ಎಲ್ಲಾ ಸಿನಿಮಾನೂ ಅದೇ ಕಣ್ಣಲ್ಲಿ ನೋಡೋದು ರೂಢಿಯಾಯ್ತು. ಹಾಲಿವುಡ್ಡಿನ ಮರ್ಲಿನ್ ಮನ್ರೋ ಜನರನ್ನ ಹೊಟ್ಟೆ ಹುಣ್ಣಾಗುವಂತೆ ನಗಿಸಿದಾಕೆ, 'ಸಮ್ ಲೈಕ್ ಇಟ್ ಹಾಟ್' ನೋಡಿದವರಿಗೆ ಗೊತ್ತು. ಆದ್ರೂ 1962ರ ಆ ಸಾವೇ ಮುಂದೆ ಬಂದು ಕೂರುತ್ತೆ. ಗಂಡು ನಟರು ಬೇಗ ಹೋದರೆ "ಇನ್ನೂ ಎಷ್ಟು ಮಾಡಬೇಕಿತ್ತು" ಅಂತೀವಿ. ಶಂಕರ್ ನಾಗ್ ಅವರ ಬಗ್ಗೆ ಹಾಗೇ ಅಲ್ವಾ ಮಾತಾಡೋದು? ಹೆಣ್ಣಾದರೆ ಮಾತ್ರ "ಮೊದಲೇ ಹಣೇಲಿ ಬರೆದಿತ್ತು" ಅಂತೀವಿ.

ನಮ್ಮೂರು ಕುಪ್ಪೇಲೂರಿನ ಮನೇಲಿ ಇದೇ ಪ್ರಶ್ನೆ ಇಟ್ಟಿದ್ದೆ. ಅಜ್ಜಿ ಆ ಕಾಲದಲ್ಲಿ ರಾಣೇಬೆನ್ನೂರಿಗೆ ಹೋಗಿ ನೋಡಿದಾಕಿ. ಅವ್ವ ಭಾನುವಾರ ಸಂಜೆಯ ದೂರದರ್ಶನದಲ್ಲಿ ನೋಡಿದಾಕಿ. ನಾನು ಯೂಟ್ಯೂಬ್ ಗಿರಾಕಿ. "ಅಜ್ಜಿ, ಕಲ್ಪನಾ ಅಳೋ ಸಿನಿಮಾದಾಗ ಯಾವ್ದು ಚಲೋ?" ಅಂದೆ. ಅಜ್ಜಿ ನಕ್ಕುಬಿಟ್ಟಳು. "ಅಕಿ ಅಳೂದು ನೋಡಾಕ ಯಾರ್ ಹೊಕ್ಕಿದ್ರೋ ತಮ್ಮಾ? ಅಳೂದು ಮನ್ಯಾಗ ಬೇಕಾದಷ್ಟಿತ್ತು. ಅಕಿ ಸೀರಿ ಉಡೂದು ನೋಡಾಕ ಹೊಕ್ಕಿದ್ವಿ." ಅವ್ವಂದು ಬೇರೆ ಉತ್ತರ. "ಬೆಳ್ಳಿಮೋಡದಾಗ ಅಂವಾ ತಿರುಗಿ ಬಂದಾಗ ಒಲ್ಲೆ ಅಂದ್ಳಲ್ಲ, ಅದು ಬೇಕು ನೋಡು."

ನಾವು ದೊಡ್ಡ ದೊಡ್ಡ ಮಾತಲ್ಲಿ 'ದುರಂತ ನಾಯಕಿ' ಅಂತ ಬರೀತೀವಿ. ಆ ಕಾಲದ ಹೆಂಗಸರು ಆಕೆಯಲ್ಲಿ ಕಂಡಿದ್ದು ಸೀರೆ ಉಡೋ ಠೀವಿ, ಓದಿದ ಹೆಣ್ಣಿನ ನಡಿಗೆ, ಒಂದು ಗಟ್ಟಿಯಾದ "ಒಲ್ಲೆ". ಅವರಿಗೆ ಕಲ್ಪನಾ ಕರುಣೆ ತೋರಿಸಬೇಕಾದವಳಲ್ಲ, ತಾವೂ ಹಾಗಿರಬೇಕು ಅನ್ನಿಸಿದವಳು.

ಈಗ ನನ್ನ ಐದು, ಕಾರಣದ ಸಮೇತ.

1. ಬೆಳ್ಳಿಮೋಡ. ಅವ್ವನ ಓಟೇ ನನ್ನ ಓಟು. ಒಬ್ಬಳೇ ಮಗಳು, ಎಸ್ಟೇಟಿಗೆ ವಾರಸುದಾರಳು ಅಂತ ಮೋಹನ ಇಂದಿರಾಳನ್ನ ಒಪ್ಪಿರ್ತಾನೆ. ಆಕೆಗೆ ತಮ್ಮ ಹುಟ್ಟಿದ, ಆಸ್ತಿ ಹೋಯ್ತು ಅಂದ ಕೂಡಲೇ ಜಾರಿಕೊಳ್ತಾನೆ. ಆಮೇಲೆ ಕಾಲು ಮುರಿದುಕೊಂಡು ಬಿದ್ದವನನ್ನ ಆಕೆ ಆರೈಕೆ ಮಾಡ್ತಾಳೆ. ಮನಸ್ಸು ಬದಲಾಗಿ ಅವನು ಮದುವೆ ಅಂದಾಗ ಬೇಡ ಅಂತಾಳೆ. ಕಿರುಚಾಟ ಇಲ್ಲ, ಶಾಪ ಇಲ್ಲ. ಆರೈಕೆ ಮಾಡಿದ್ದು ಮನುಷ್ಯತ್ವ, ಪ್ರೀತಿ ಬೇರೆ ಅನ್ನೋದನ್ನ ಅಷ್ಟು ತಣ್ಣಗೆ ತೋರಿಸ್ತಾರೆ ಕಲ್ಪನಾ. 1967ರಲ್ಲಿ ಇದು ಸಣ್ಣ ಮಾತಲ್ಲ. ವರ ನೋಡೋಕೆ ಬಂದು ಪ್ಯಾಕೇಜ್, ಸೈಟ್ ವಿಚಾರಿಸೋ ಈ ಕಾಲದಲ್ಲೂ ಸಣ್ಣ ಮಾತಲ್ಲ.

2. ಹಣ್ಣೆಲೆ ಚಿಗುರಿದಾಗ (1968). ಎಳೆ ವಯಸ್ಸಿನ ವಿಧವೆ, ಮರುಮದುವೆಯ ಪ್ರಶ್ನೆ, ಎದುರಿಗೆ ಆರ್. ನಾಗೇಂದ್ರರಾಯರಂಥ ಅಪ್ಪ. ರಾಜ್‌ಕುಮಾರ್ ಇದ್ದೂ ಕಣ್ಣು ಈಕೆಯ ಮೇಲೇ ಹೋಗುತ್ತೆ. ಇಲ್ಲಿ ಆಕೆ ಹೆಚ್ಚು ಮಾಡಿಲ್ಲ, ತಡೆದುಕೊಂಡಿದ್ದಾರೆ. "ಕಲ್ಪನಾ ಅಂದ್ರೆ ಓವರ್ ಆಕ್ಟಿಂಗ್" ಅನ್ನೋರು ಇದನ್ನ ಒಮ್ಮೆ ನೋಡಬೇಕು.

3. ಶರಪಂಜರ. ಆದ್ರೆ ಎಲ್ಲರೂ ಹೇಳೋ ಆ ಕೊನೆ ದೃಶ್ಯಕ್ಕಲ್ಲ. ಕಾವೇರಿ ಆಸ್ಪತ್ರೆಯಿಂದ ವಾಸಿಯಾಗಿ ಬಂದ ಮೇಲಿನ ಭಾಗ ಇದೆಯಲ್ಲ, ಅದಕ್ಕೆ. ಆಕೆ ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ. ಕಾಯಿಲೆ ಹೋಯ್ತು, ಹೆಸರು ಹೋಗಲಿಲ್ಲ. ಗಂಡನೇ ಬೇರೆ ಕಡೆ ತಿರುಗಿದ್ದಾನೆ ಅಂತ ಗೊತ್ತಾಗೋವರೆಗೂ ಆಕೆ ಎಷ್ಟು ತಾಳ್ಮೆಯಿಂದ ಮನೆ ಕಟ್ಟಿಕೊಳ್ಳೋಕೆ ನೋಡ್ತಾಳೆ!

ಕೊನೆ ದೃಶ್ಯವನ್ನ ನಾವು ಏನು ಮಾಡಿದ್ದೇವೆ ನೋಡಿ. ಗಣೇಶೋತ್ಸವದ ಸ್ಟೇಜಿನಿಂದ ಹಿಡಿದು ಆಫೀಸಿನ ಪಾರ್ಟಿವರೆಗೂ ಕಲ್ಪನಾ ಮಿಮಿಕ್ರಿ ಅಂದ್ರೆ ಕೂದಲು ಕೆದರಿಕೊಂಡು ಕಿರುಚೋದು. ಎಲ್ಲರೂ ನಗ್ತಾರೆ. ನಮ್ಮ ಹತ್ತಿರದ ನೆಂಟರಲ್ಲಿ ಒಬ್ಬರಿಗೆ ಹಡೆದ ಮೇಲೆ ಹಾಗೇ ಆಗಿತ್ತು. ಬಾಣಂತಿ ಸನ್ನಿ ಅಂದ್ರು, ಗಾಳಿ ಅಂದ್ರು, ತಾಯಿತ ಕಟ್ಟಿಸಿದ್ರು. ಡಾಕ್ಟರ ಹತ್ತಿರ ಹೋಗಿದ್ದು ತಿಂಗಳುಗಟ್ಟಲೆ ಆದ ಮೇಲೆ. ವಾಸಿಯಾಗಿ ಎಷ್ಟೋ ವರ್ಷ ಆದ್ರೂ ಮನೇಲಿ ಅವರು ಸ್ವಲ್ಪ ದನಿ ಎತ್ತಿದ್ರೆ ಯಾರೋ ಒಬ್ರು ಕಣ್ಣು ಹೊಡೆದು "ಶರಪಂಜರ ಶುರುವಾತು" ಅಂತಾರೆ. ಆ ಸಿನಿಮಾ ಮಾಡಿದ್ದೇ ಇಂಥ ಮಾತಿನ ವಿರುದ್ಧ. ಅದೇ ಹೆಸರನ್ನ ತಗೊಂಡು ಅದೇ ಮಾತಾಡ್ತೀವಿ. ಶರಪಂಜರ ನೂರು ಸಲ ನೋಡಿ ನಂಬರ್ ಒನ್ ಅಂದ್ರೂ, ಕಾವೇರಿಯ ನೆರೆಹೊರೆಯವರಾಗೇ ಉಳಿದುಬಿಟ್ಟರೆ ಏನು ಬಂತು?

4. ಉಯ್ಯಾಲೆ (1969). ಪುಸ್ತಕದಲ್ಲೇ ಮುಳುಗಿರೋ ಪ್ರೊಫೆಸರ್ ಗಂಡನಾಗಿ ಅಶ್ವಥ್, ಆ ಮನೆಗೆ ಬರೋ ಯುವಕನಾಗಿ ರಾಜ್‌ಕುಮಾರ್, ನಡುವೆ ಒಂಟಿತನದಲ್ಲಿರೋ ಹೆಂಡತಿ. ಯಾರೂ ಕೆಟ್ಟವರಲ್ಲ. ಅದಕ್ಕೇ ಇದು ಕಷ್ಟದ ಪಾತ್ರ. ತಪ್ಪು-ಸರಿ ಅಂತ ತೀರ್ಪು ಕೊಡೋಕೆ ಬಿಡದ ಹಾಗೆ ಆಕೆ ಅದನ್ನ ತೂಗಿಸಿಕೊಂಡು ಹೋಗ್ತಾರೆ, ಹೆಸರಿಗೆ ತಕ್ಕ ಹಾಗೆ.

5. ಎರಡು ಕನಸು (1974). ಇದು ಅಜ್ಜಿಯ ಓಟು. ನನಗೆ ಗೌರಿಯ ತಾಳ್ಮೆ ಬಗ್ಗೆ ಈಗಲೂ ಸಿಟ್ಟಿದೆ. ಬೇರೊಬ್ಬಳನ್ನ ಮನಸ್ಸಲ್ಲಿ ಇಟ್ಟುಕೊಂಡ ಗಂಡನಿಗೆ ಅಷ್ಟೊಂದು ಕಾಯಬೇಕಾ? ಆದ್ರೂ ಕಾಯೋದನ್ನ ಸೋಲಾಗದ ಹಾಗೆ ತೋರಿಸೋದು ಸುಲಭ ಅಲ್ಲ. ಆ ಮನೆಯಲ್ಲಿ ಆಕೆಯ ಗೌರವ ಒಂದು ಕ್ಷಣಕ್ಕೂ ಕಮ್ಮಿ ಆಗಲ್ಲ.

ಹಾಗಾದ್ರೆ ಗೆಜ್ಜೆಪೂಜೆ ಎಲ್ಲಿ ಅಂತ ಕಲ್ಲು ಹುಡುಕಬೇಡಿ :-) ಅದು ಒಬ್ಬಳ ಸಿನಿಮಾ ಅಲ್ಲ ಅನ್ನೋದು ನನ್ನ ವಾದ. ಪಂಡರಿಬಾಯಿ, ಲೀಲಾವತಿ, ಕಲ್ಪನಾ, ಮೂರು ತಲೆಮಾರು ಸೇರಿ ಹೊತ್ತ ಭಾರ ಅದು. ಕಲ್ಪನಾ ಪಟ್ಟಿಗೆ ಹಾಕಿ ಉಳಿದಿಬ್ಬರನ್ನ ಪಕ್ಕಕ್ಕೆ ಸರಿಸಿದ್ರೆ ಮೂವರಿಗೂ ಅನ್ಯಾಯ. ಎಂ.ಕೆ. ಇಂದಿರಾ ಅವರ ಹೆಸರಲ್ಲಿ ಬೇರೆ ಪಟ್ಟಿ ಮಾಡಿದಾಗ ಅದನ್ನೇ ಮೊದಲಿಗೆ ಇಡ್ತೀನಿ.

ಪಟ್ಟಿ ಅನ್ನೋದು ಆಟ, ಒಪ್ಕೋತೀನಿ. ಆದ್ರೆ ಈ ಹಳೇ ಸಿನಿಮಾಗಳನ್ನ ನನ್ನ ವಯಸ್ಸಿನವರು ತಾವಾಗೇ ಹುಡುಕಿ ನೋಡೋದು ಕಮ್ಮಿ. ಯಾರೋ ಮಾಡಿದ ಪಟ್ಟಿ ಹಿಡಿದೇ ನೋಡ್ತೀವಿ. ಪಟ್ಟಿಯಲ್ಲಿ ಇಲ್ಲದ್ದು ಮೆಲ್ಲಗೆ ಮರೆತೇ ಹೋಗುತ್ತೆ. ಪಟ್ಟಿ ಜತೆ ಬರೆದ ಕಾರಣ ಮುಂದಿನವರ ಕಣ್ಣಿಗೆ ಕನ್ನಡಕವಾಗುತ್ತೆ. 'ದುರಂತ' ಅಂತ ಬರೆದುಕೊಟ್ಟರೆ ಅವರಿಗೆ ಅಳುವೇ ಕಾಣೋದು, ಆ "ಒಲ್ಲೆ" ಕಾಣಲ್ಲ.

ನಿಮ್ಮ ಐದು ಯಾವುವು? ಬರೀರಿ, ಜಗಳ ಆಡೋಣ. ಎರಡೇ ಷರತ್ತು. ಸಿನಿಮಾ ಹೆಸರಿನ ಪಕ್ಕ ಕತೆ ಬರೆದವರ ಹೆಸರೂ ಇರಲಿ. ಕಾರಣ ಬರೆಯುವಾಗ 1979 ಬೇಡ.