ಕಹಿ ಕಷಾಯ ಮತ್ತು ಹೆಸರಿನ ಬೆಲೆ

ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯ ಹಾಗೂ ಹಾಂಗ್‌ಕಾಂಗ್‌ಗಳಲ್ಲಿ ‘ಲಿಯಾಂಗ್ ಚಾ’, ಅಂದರೆ ‘ತಂಪು ಚಹಾ’, ಮನೆಮಾತಾದ ಪಾನೀಯ. ಹೆಸರು ಚಹಾ ಎಂದಿದ್ದರೂ ಅದರಲ್ಲಿ ಸಾಮಾನ್ಯವಾಗಿ ಚಹಾ ಎಲೆ ಇರುವುದಿಲ್ಲ; ತಂಪು ಎಂದಿದ್ದರೂ ಅಂಗಡಿಗಳಲ್ಲಿ ಅದನ್ನು ಬಿಸಿಯಾಗಿಯೂ ಕುಡಿಯುತ್ತಾರೆ. ವಾಸ್ತವವಾಗಿ ಅದು ಗಿಡಮೂಲಿಕೆಗಳ ಕಷಾಯ. ‘ಇಪ್ಪತ್ನಾಲ್ಕು ರುಚಿ’ ಎಂಬ ಬಗೆಯಂತೂ ಮುಖ ಕಿವುಚುವಷ್ಟು ಕಹಿ. ಸೆಕೆ ಮತ್ತು ತೇವದ ಆ ನಾಡಿನಲ್ಲಿ ದೇಹದೊಳಗೆ ‘ಉಷ್ಣ’ ಏರಿ ಗಂಟಲುನೋವು, ಬಾಯಿಹುಣ್ಣುಗಳು ತಲೆದೋರುತ್ತವೆ, ಅದನ್ನು ಈ ಕಷಾಯ ಇಳಿಸುತ್ತದೆ ಎಂಬುದು ಅಲ್ಲಿನ ಪಾರಂಪರಿಕ ವೈದ್ಯದ ನಂಬಿಕೆ. ಗರ್ಭಿಣಿಯರಿಗೂ ಶೀತ ಪ್ರಕೃತಿಯವರಿಗೂ ಇದು ಹಿತವಲ್ಲವೆಂಬ ಎಚ್ಚರಿಕೆಯೂ ಅದೇ ಪರಂಪರೆಯಲ್ಲಿದೆ. 2006ರಲ್ಲಿ ಚೀನಾ ಸರ್ಕಾರ ಇದನ್ನು ರಾಷ್ಟ್ರೀಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ವಾಣಿಜ್ಯ ವಲಯಕ್ಕೆ ಹೆಚ್ಚು ಬೋಧಪ್ರದವಾದುದು 1828ರಲ್ಲಿ ಗುವಾಂಗ್‌ಝೌನಲ್ಲಿ ಆರಂಭವಾದ ‘ವಾಂಗ್ ಲಾವ್ ಜಿ’ ಎಂಬ ಹೆಸರಿನ ಕಥೆ. ಚೀನಾದಲ್ಲಿ ಈ ವ್ಯಾಪಾರಮುದ್ರೆಯ ಒಡೆತನ ಸರ್ಕಾರಿ ಸ್ವಾಮ್ಯದ ಗುವಾಂಗ್‌ಝೌ ಔಷಧ ಸಮೂಹದ್ದು. ಅದನ್ನು ಬಳಸುವ ಪರವಾನಗಿ ಪಡೆದ ಹಾಂಗ್‌ಕಾಂಗ್‌ನ ಹುಂಗ್ ಟೊ ಸಮೂಹ, ಕಹಿ ತಗ್ಗಿಸಿ ಸಕ್ಕರೆ ಬೆರೆಸಿ ಕೆಂಪು ಡಬ್ಬಿಯಲ್ಲಿ ತುಂಬಿತು. ರೋಗ ವಾಸಿಯಾಗುತ್ತದೆ ಎನ್ನುವ ಬದಲು, ಖಾರದ ಊಟ ಮಾಡಿ ಉಷ್ಣಕ್ಕೆ ಅಂಜುವವರು ಕುಡಿಯಲಿ ಎಂಬ ಧಾಟಿಯಲ್ಲಿ ಪ್ರಚಾರ ನಡೆಸಿತು. ಕಷಾಯದಂಗಡಿಯ ಸರಕು ಹೋಟೆಲಿನ ಮೇಜಿಗೆ ಬಂದುದು ಹೀಗೆ. ಸಕ್ಕರೆ ನೀರಿಗೆ ಔಷಧದ ಗೌರವ ದೊರೆತುದು ಸರಿಯೇ ಎಂಬುದು ಬೇರೆ ಮಾತು.

ವಾರ್ಷಿಕ ಮಾರಾಟ 1,000 ಕೋಟಿ ಯುವಾನ್ ದಾಟಿದಾಗಲೂ ಒಡೆಯರಿಗೆ ಸಲ್ಲುತ್ತಿದ್ದ ಶುಲ್ಕ ವರ್ಷಕ್ಕೆ ಸುಮಾರು 50 ಲಕ್ಷ ಯುವಾನ್ ಮಾತ್ರ. ಶುಲ್ಕವನ್ನು ವಹಿವಾಟಿನ ಶೇಕಡಾವಾರು ಪ್ರಮಾಣಕ್ಕೆ ಹೊಂದಿಸದೆ ದೀರ್ಘಾವಧಿಗೆ ಗೊತ್ತುಪಡಿಸಿದುದೇ ಮೂಲದೋಷ. 2010ರಲ್ಲಿ ಒಡೆಯ ಸಂಸ್ಥೆ ಈ ಹೆಸರಿನ ಮೌಲ್ಯ 10,800 ಕೋಟಿ ಯುವಾನ್ ಎಂದು ಸಾರಿತು. ಇಂತಹ ಅಂದಾಜುಗಳನ್ನು ಲೆಕ್ಕಿಗರು ಸಂಶಯದಿಂದಲೇ ಓದುತ್ತಾರೆ. ಪರವಾನಗಿಯ ಅವಧಿಯನ್ನು 2020ರವರೆಗೆ ವಿಸ್ತರಿಸಿಕೊಳ್ಳಲು ಒಡೆಯ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರಿಗೆ 30 ಲಕ್ಷ ಹಾಂಗ್‌ಕಾಂಗ್ ಡಾಲರ್ ಲಂಚ ಸಂದಾಯವಾಗಿದ್ದುದು ಬಯಲಾಗಿತ್ತು. 2012ರ ಮೇ ತಿಂಗಳಲ್ಲಿ ಮಧ್ಯಸ್ಥಿಕೆ ಮಂಡಲಿ ಆ ವಿಸ್ತರಣೆಯನ್ನು ಅಸಿಂಧುಗೊಳಿಸಿತು.

ಹೆಸರು ಒಡೆಯರಿಗೆ ಮರಳಿತು. ಆದರೆ ಕೆಂಪು ಡಬ್ಬಿ? ಅದಕ್ಕೆ ಗಿರಾಕಿಗಳನ್ನು ಗಳಿಸಿದವರು ಪರವಾನಗಿದಾರರು. ಅವರು ‘ಜಿಯಾಡುವೊಬಾವೊ’ ಎಂಬ ಸ್ವಂತ ಹೆಸರಿನಲ್ಲಿ ಅದೇ ಬಣ್ಣದ ಡಬ್ಬಿಯನ್ನು ಮಾರತೊಡಗಿದರು. 2014ರಲ್ಲಿ ಗುವಾಂಗ್‌ಡಾಂಗ್‌ನ ಉಚ್ಚ ನ್ಯಾಯಾಲಯ ಡಬ್ಬಿಯೂ ಒಡೆಯರದೇ ಎಂದಿತು. 2017ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಇಬ್ಬರ ಕೊಡುಗೆಯನ್ನೂ ಮಾನ್ಯಮಾಡಿ, ಇಬ್ಬರೂ ಬಳಸಬಹುದೆಂದಿತು. ತೀರ್ಪು ನ್ಯಾಯಸಮ್ಮತವಾದುದೇ. ಆದರೆ ಪರವಾನಗಿಯ ಅವಧಿಯಲ್ಲಿ ಬೆಳೆದ ಜನಪ್ರಿಯತೆ ಯಾರ ಆಸ್ತಿ ಎಂಬ ಒಂದು ಷರತ್ತು ಮೊದಲ ಒಪ್ಪಂದದಲ್ಲಿಯೇ ಇದ್ದಿದ್ದರೆ, ಡಬ್ಬಿಯ ಬಣ್ಣವನ್ನು ದೇಶದ ಅತ್ಯುನ್ನತ ನ್ಯಾಯಪೀಠ ನಿರ್ಧರಿಸಬೇಕಾಗಿರಲಿಲ್ಲ.