ಕ್ಲಚ್ಚಿನ ಗಾಳಿ ತೆಗೆಯುವ ವಿದ್ಯೆ ಮನೆಯಲ್ಲಿರಲಿ

ಎತ್ತಿನ ಗಾಡಿ ನಿಲ್ಲುತ್ತಿದ್ದ ಅಂಗಳದಲ್ಲಿ ಹಳೆಯ ಪಿಕಪ್ ಗಾಡಿ ನಿಂತಿರುವುದನ್ನು ರಾಯದುರ್ಗ, ಮಡಕಶಿರಾ ಸೀಮೆಗಳಲ್ಲಿ ನಾವು ಕಾಣುತ್ತೇವೆ. ರಾಯದುರ್ಗವು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರ ಜಿಲ್ಲೆ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಯಾವುದಾದರೇನು, ಮಾಲು ಪೇಟೆಗೆ ಹೋಗಲೇಬೇಕು. ಶೇಂಗಾ ಬಳ್ಳಾರಿಗೋ ಚಳ್ಳಕೆರೆಗೋ, ರೇಷ್ಮೆಗೂಡು ಹಿಂದೂಪುರಕ್ಕೋ ರಾಮನಗರಕ್ಕೋ ಹೋಗುವುದುಂಟು. ಶೇಂಗಾ ಒಂದು ದಿನ ತಡೆದೀತು, ಬಿಡಿಸಿದ ಗೂಡು ಕಾಯುವುದಿಲ್ಲ. ಚಿಟ್ಟೆ ತೂತು ಮಾಡಿ ಹೊರಬಿದ್ದರೆ ನೂಲು ಎಳೆಯಲು ಬಾರದು. ಅಂಥ ಹೊತ್ತಿನಲ್ಲಿ ನಡುದಾರಿಯಲ್ಲಿ ಕ್ಲಚ್ ಕೈಕೊಟ್ಟರೆ ಗತಿಯೇನು?

ಎಣ್ಣೆಯ ಕ್ಲಚ್ ಇರುವ ಗಾಡಿಗಳಲ್ಲಿ ಪೆಡಲಿನ ಒತ್ತಡವನ್ನು ಸಾಗಿಸುವುದು ಕೊಳವೆಯೊಳಗಿನ ಬ್ರೇಕ್ ಆಯಿಲ್. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಗಾಳಿ ಹೊಕ್ಕರೆ ಪೆಡಲ್ ಮೆತ್ತಗಾಗಿ ತಳಮುಟ್ಟುತ್ತದೆ, ಗೇರು ಕರಕರಗುಟ್ಟುತ್ತದೆ.

ಗಾಳಿ ತೆಗೆಯಲು ಇಬ್ಬರು ಸಾಕು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಡತಕ್ಕದ್ದು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ತುಂಬಬೇಕು. ಇಂಜಿನ್ ಆಯಿಲ್ ಸುರಿದರೆ ರಬ್ಬರ್ ಉಬ್ಬಿ ಕೆಡುವುದು. ಗೇರ್ ಪೆಟ್ಟಿಗೆಯ ಬಳಿಯ ಚಿಕ್ಕ ಸಿಲಿಂಡರಿನ ನಿಪ್ಪಲ್ಲಿಗೆ ತಿಳಿಯಾದ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಅದರ ತುದಿ ಬಾಟಲಿಯ ಎಣ್ಣೆಯಲ್ಲಿ ಮುಳುಗಿರಲಿ. ಒಬ್ಬನು ಪೆಡಲನ್ನು ನಾಲ್ಕಾರು ಸಲ ತುಳಿದು ಒತ್ತಿ ಹಿಡಿಯಲಿ. ಇನ್ನೊಬ್ಬನು ನಿಪ್ಪಲ್ ಸಡಿಲಿಸಿ, ಗುಳ್ಳೆ ಹೊರಬಂದೊಡನೆ ಬಿಗಿಯಲಿ. ಬಿಗಿಯುವ ಮುನ್ನ ಕಾಲು ತೆಗೆದರೆ ಹೋದ ಗಾಳಿ ಮರಳಿ ಬರುತ್ತದೆ. ಆದ್ದರಿಂದ 'ತುಳಿ', 'ಹಿಡಿ', 'ಬಿಡು' ಎಂದು ಮೂರು ಮಾತು ಮೊದಲೇ ಗೊತ್ತುಮಾಡಿಕೊಳ್ಳಿರಿ. ಗುಳ್ಳೆ ನಿಲ್ಲುವವರೆಗೆ ಹೀಗೆಯೇ ಮಾಡತಕ್ಕದ್ದು, ಡಬ್ಬಿ ಬರಿದಾಗಬಾರದು. ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿದ್ದರೆ ಇನ್ನೂ ಎಚ್ಚರ. ಹೊರಬಂದ ಎಣ್ಣೆಯನ್ನು ಮತ್ತೆ ತುಂಬಬೇಡಿರಿ; ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ. ಸಿಲಿಂಡರ್ ಗೇರ್ ಪೆಟ್ಟಿಗೆಯ ಒಳಗೇ ಇರುವ ಗಾಡಿಯಾದರೆ ಮೆಕ್ಯಾನಿಕ್ಕನಿಗೆ ಬಿಡುವುದು ಲೇಸು.

ಆದರೆ ನಾವು ಮುಖ್ಯವಾಗಿ ಹೇಳಬೇಕಾದದ್ದು ಬೇರೆ ಇದೆ. ಗಾಳಿ ತೆಗೆದದ್ದೇ ರಿಪೇರಿಯೆಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು. ಕ್ಲಚ್ಚಿನ ಎಣ್ಣೆ ಸುಟ್ಟು ಖರ್ಚಾಗುವಂಥದಲ್ಲ. ಕಡಿಮೆಯಾಯಿತೆಂದರೆ ಎಲ್ಲಿಯೋ ಸೋರಿದೆ. ಸಿಲಿಂಡರಿನ ರಬ್ಬರ್ ಸವೆದಿರಬಹುದು, ಕೊಳವೆ ಬಿರಿದಿರಬಹುದು. ಅದನ್ನು ನೋಡದೆ ಗಾಳಿ ತೆಗೆಯುತ್ತಲೇ ಇರುವುದು ಕಾಲುವೆ ಒಡೆದಿರುವಾಗ ನೀರು ಬಿಟ್ಟಂತೆ. ಈ ವಾರ ಉಳಿಸಿದ ರಬ್ಬರ್ ಕಿಟ್ಟಿನ ದುಡ್ಡು ಮುಂದಿನ ವಾರ ಗೂಡಿನ ಬೆಲೆಯನ್ನೇ ನುಂಗೀತು.

ಹುಳು ಗೂಡು ಕಟ್ಟುವ ಮುನ್ನ, ಸುಗ್ಗಿಗೆ ಮುನ್ನ, ಬಿಡುವಿನ ದಿನವೊಂದರಲ್ಲಿ ಬಾನೆಟ್ ಎತ್ತಿ ಡಬ್ಬಿಯನ್ನು ನೋಡಿರಿ. ಮನೆಯ ಹುಡುಗ ಹುಡುಗಿಯರಿಗೂ ಈ ಕೆಲಸ ಕಲಿಸಿರಿ. ಎತ್ತಿನ ಗೊರಸನ್ನು ದಿನವೂ ನೋಡುತ್ತಿದ್ದ ನಮಗೆ ಇದೇನು ಹೊಸ ವಿದ್ಯೆಯಲ್ಲ.