ಪ್ರೊಪೆಲ್ಲರ್ ಸದ್ದಿಗೆ ಶ್ರುತಿ ಹಿಡಿಯುವ ತೂಕ

ಹುಬ್ಬಳ್ಳಿ, ಬೆಳಗಾವಿ ನಿಲ್ದಾಣಗಳಿಂದ ಕ್ಯೂ-400 ವಿಮಾನ ಹತ್ತಿದವರಿಗೆ ಅದರ ಗುಂಯ್‌ಗುಡುವ ಸದ್ದು ಪರಿಚಿತ. ಕೆನಡಾದ ಬೊಂಬಾರ್ಡಿಯರ್ ಕಂಪನಿ ಇದನ್ನು ಕಡಿಮೆ ಸದ್ದಿನ ವಿಮಾನವೆಂದೇ ಮಾರಿತು. ಕಿಟಕಿ ಪಕ್ಕ ಕೂತವರು ಅದನ್ನು ಸುಲಭವಾಗಿ ಒಪ್ಪಲಿಕ್ಕಿಲ್ಲ. ಆದರೂ ಕಂಪನಿಯ ಮಾತು ಸುಳ್ಳಲ್ಲ.

ಪ್ರೊಪೆಲ್ಲರಿಗೆ ಆರು ಅಲಗುಗಳು. ಪ್ರತಿ ಅಲಗೂ ಹಾದುಹೋಗುವಾಗ ವಿಮಾನದ ಮೈಗೆ ಗಾಳಿಯ ಒಂದು ಪೆಟ್ಟು ಬೀಳುತ್ತದೆ. ಟೇಕಾಫ್ ವೇಳೆ ಪ್ರೊಪೆಲ್ಲರು ನಿಮಿಷಕ್ಕೆ 1020 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 102 ಪೆಟ್ಟು. ಎತ್ತರಕ್ಕೆ ಹೋದ ಮೇಲೆ ವೇಗ 850 ಸುತ್ತಿಗೆ ಇಳಿದರೆ ಪೆಟ್ಟು 85. ಇಂಥ ತಗ್ಗು ದನಿಯನ್ನು ಗೋಡೆಯೊಳಗಿನ ಹತ್ತಿಯಂಥ ಪದರ ಹೆಚ್ಚೇನೂ ತಡೆಯದು. ತಡೆಯಲು ಭಾರ ಬೇಕು, ವಿಮಾನದಲ್ಲಿ ಭಾರವೆಂದರೆ ಇಂಧನದ ಖರ್ಚು.

ಜರ್ಮನಿಯ ಹರ್ಮನ್ ಫ್ರಾಮ್ 1909ರಷ್ಟು ಹಿಂದೆಯೇ ಬೇರೆ ದಾರಿ ತೋರಿಸಿದ್ದ. ನಡುಗುವ ಚೌಕಟ್ಟಿಗೆ ಒಂದು ಸ್ಪ್ರಿಂಗು, ಅದರ ತುದಿಗೆ ಸಣ್ಣ ತೂಕ. ತೂಕದ ಸಹಜ ಕಂಪನವನ್ನು ಪೆಟ್ಟಿನ ಲಯಕ್ಕೆ ಸರಿಯಾಗಿ ಶ್ರುತಿ ಮಾಡಿದರೆ, ಹೊರಗಿನ ಬಲ ಚೌಕಟ್ಟನ್ನು ಒಂದು ಕಡೆ ತಳ್ಳುವ ಹೊತ್ತಿಗೆ ಸ್ಪ್ರಿಂಗು ಅದನ್ನು ಇನ್ನೊಂದು ಕಡೆಗೆ ಎಳೆಯುತ್ತದೆ. ತೂಕ ಜೋರಾಗಿ ಅಲ್ಲಾಡುತ್ತದೆ, ಚೌಕಟ್ಟು ಹೆಚ್ಚುಕಡಿಮೆ ಸುಮ್ಮನಾಗುತ್ತದೆ.

ತೊಡಕು ಇರುವುದು ಶ್ರುತಿಯಲ್ಲಿ. ಇದೇ ಉಪಾಯದಿಂದ ತೈಪೆ 101 ಕಟ್ಟಡದ ತುದಿಯ ಹತ್ತಿರ ತೂಗುಬಿಟ್ಟಿರುವ 660 ಟನ್ ಉಕ್ಕಿನ ಗುಂಡಿಗೆ ಈ ಚಿಂತೆಯಿಲ್ಲ, ಏಕೆಂದರೆ ಕಟ್ಟಡ ತೊನೆಯುವ ಮುಖ್ಯ ಲಯ ಒಂದೇ. ವಿಮಾನದ್ದು ಹಾಗಲ್ಲ. 85ಕ್ಕೆ ಹೊಂದಿಸಿದ ತೂಕ 102ರಲ್ಲಿ ಕೆಲಸಕ್ಕೆ ಬಾರದು. ಅದಕ್ಕಿಂತ ಕೆಟ್ಟದ್ದೆಂದರೆ, ಶ್ರುತಿಯ ಎರಡೂ ಬದಿಗೆ ಚೌಕಟ್ಟು ಮೊದಲಿಗಿಂತ ಹೆಚ್ಚು ನಡುಗುವ ಹೊಸ ಲಯಗಳು ಹುಟ್ಟಿಕೊಳ್ಳುತ್ತವೆ. 85ರಿಂದ 102ಕ್ಕೆ ಏರಿಸಲು ಸ್ಪ್ರಿಂಗಿನ ಬಿಗುವು 1.44 ಪಟ್ಟಾಗಬೇಕು, ಅದೂ ಹಾರಾಟದ ನಡುವೆಯೇ. ಕಬ್ಬಿಣದ ಪುಡಿ ಬೆರೆಸಿದ ರಬ್ಬರನ್ನು ಕಾಂತಕ್ಷೇತ್ರದಿಂದ ಬಿಗಿಯಾಗಿಸುವ ಪ್ರಯೋಗಗಳು ನಡೆದಿರುವುದು ಇದಕ್ಕೇ. ಕ್ಯೂ-400ರ ದಾರಿ ಬೇರೆ: ಕ್ಯಾಬಿನ್ನಿನ ಮೈಕುಗಳು ಸದ್ದನ್ನು ಆಲಿಸುತ್ತವೆ, ಕಂಪ್ಯೂಟರು ಲೆಕ್ಕ ಹಾಕುತ್ತದೆ, ಒಡಲಿನ ಚೌಕಟ್ಟುಗಳಿಗೆ ಬಿಗಿದ ತೂಕಗಳನ್ನು ವಿದ್ಯುತ್ ಬಲದಿಂದ ಬೇಕಾದ ಲಯದಲ್ಲಿ ಅಲ್ಲಾಡಿಸುತ್ತದೆ.

ಈ ವ್ಯವಸ್ಥೆ ಅಡಗಿಸುವುದು ಪ್ರೊಪೆಲ್ಲರಿನ ದನಿಯನ್ನು ಮಾತ್ರ. ಮೈಗೆ ಉಜ್ಜುವ ಗಾಳಿ, ಏಸಿಯ ಸುಯ್ಯೆನ್ನುವ ಸದ್ದು ಹಾಗೇ ಉಳಿಯುತ್ತವೆ. ಇನ್ನೂ ನೆಮ್ಮದಿ ಬೇಕೆಂದರೆ ಸೀಟು ಆರಿಸುವಾಗ ಪ್ರೊಪೆಲ್ಲರಿಗೆ ನೇರವಾಗಿರುವ ಸಾಲುಗಳನ್ನು ಬಿಟ್ಟುಬಿಡಿ.